ಉಚಿತ ಪಠ್ಯ, ಮುಕ್ತ ಪಠ್ಯ ಮತ್ತು ಐರ್ಲೆಂಡಿನ ಮಳೆ ಲೆಕ್ಕ

ಐರ್ಲೆಂಡ್ ಸರ್ಕಾರವು 2023ರ ಶಾಲಾ ವರ್ಷದಿಂದ ಪ್ರಾಥಮಿಕ ಶಾಲೆಯ ಮಕ್ಕಳಿಗೆ ಪಠ್ಯಪುಸ್ತಕಗಳನ್ನು ಉಚಿತವಾಗಿ ಒದಗಿಸತೊಡಗಿತು; ಮರುವರ್ಷ ಈ ಯೋಜನೆ ಪ್ರೌಢಶಿಕ್ಷಣದ ಮೊದಲ ಮೂರು ವರ್ಷಗಳಿಗೂ, 2025ರಲ್ಲಿ ಅದರ ಮೇಲಿನ ತರಗತಿಗಳಿಗೂ ವಿಸ್ತರಿಸಿತು. ಪ್ರತಿ ಸೆಪ್ಟೆಂಬರಿನಲ್ಲಿ ಪುಸ್ತಕದ ಖರ್ಚನ್ನು ಹೊಂದಿಸಲು ಪರದಾಡುತ್ತಿದ್ದ ಕುಟುಂಬಗಳಿಗೆ ಇದು ದೊಡ್ಡ ನೆರವಾಯಿತು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಅದೇ ವಿದ್ಯಾರ್ಥಿ ಕಾಲೇಜಿನ ಮೆಟ್ಟಿಲು ಹತ್ತಿದ ದಿನ ಆ ನೆರವು ನಿಂತುಹೋಗುತ್ತದೆ. 1996ರಲ್ಲಿ ಪದವಿ ತರಗತಿಗಳ ಬೋಧನಾ ಶುಲ್ಕವನ್ನು ಸರ್ಕಾರವೇ ವಹಿಸಿಕೊಂಡ ದೇಶವಾದರೂ, ಅಲ್ಲಿನ ವಿದ್ಯಾರ್ಥಿ ವರ್ಷಕ್ಕೆ ಸಾವಿರಾರು ಯೂರೋಗಳ ವಂತಿಕೆಯನ್ನು ತೆರಬೇಕು, ಡಬ್ಲಿನ್ನಿನಂಥ ಊರಿನಲ್ಲಿ ಕೋಣೆಯ ಬಾಡಿಗೆ ಕಟ್ಟಬೇಕು, ಆಮೇಲೆ ಕೈಯಲ್ಲಿ ಉಳಿದುದರಲ್ಲಿ ಭೌತಶಾಸ್ತ್ರದ್ದೋ ಜೀವಶಾಸ್ತ್ರದ್ದೋ ದಪ್ಪ ಪುಸ್ತಕವನ್ನು ಕೊಳ್ಳಬೇಕು. ಇದಕ್ಕಿಂತ ಗಂಭೀರವಾದ ಇನ್ನೊಂದು ಸಂಗತಿಯಿದೆ. ಶಾಲೆಯ ಮಗುವಿನ ಕೈಗೆ ಬರುವ ಉಚಿತ ಪುಸ್ತಕಕ್ಕೂ ಸರ್ಕಾರ ಪ್ರಕಾಶಕರಿಗೆ ಹಣ ಕೊಟ್ಟಿರುತ್ತದೆ, ಅದರ ಮೇಲಿನ ಹಕ್ಕು ಪ್ರಕಾಶಕರಲ್ಲೇ ಉಳಿದಿರುತ್ತದೆ, ಅದರ ಒಂದು ಅಧ್ಯಾಯವನ್ನು ತಿದ್ದಿ ತನ್ನ ಊರಿಗೆ ಹೊಂದುವಂತೆ ಮಾಡಿಕೊಂಡು ಮತ್ತೆ ಅಚ್ಚು ಹಾಕಿಸುವ ಅಧಿಕಾರ ಶಿಕ್ಷಕನಿಗಿಲ್ಲ. ಉಚಿತ ಎನ್ನುವುದೂ ಮುಕ್ತ ಎನ್ನುವುದೂ ಒಂದೇ ಅಲ್ಲ. ಕಾಲೇಜು ವಿದ್ಯಾರ್ಥಿಗಳಲ್ಲಿ ವಿಜ್ಞಾನದ ತಿಳಿವಳಿಕೆಯನ್ನು ಬೆಳೆಸುವ ಮಾತು ಬಂದಾಗ ಈ ವ್ಯತ್ಯಾಸವೇ ಮುಖ್ಯವಾಗುತ್ತದೆ.

ಮುಕ್ತ ಶೈಕ್ಷಣಿಕ ಸಂಪನ್ಮೂಲ ಎಂಬ ಹೆಸರು 2002ರಲ್ಲಿ ಪ್ಯಾರಿಸ್ಸಿನಲ್ಲಿ ಯುನೆಸ್ಕೊ ಕರೆದ ಸಭೆಯೊಂದರಲ್ಲಿ ಹುಟ್ಟಿತು. ಪಠ್ಯಪುಸ್ತಕ, ಉಪನ್ಯಾಸದ ಟಿಪ್ಪಣಿ, ಪ್ರಯೋಗದ ಕೈಪಿಡಿ, ದೃಶ್ಯಪಾಠ, ಅಂಕಿಅಂಶಗಳ ಕೋಷ್ಟಕ, ಪರೀಕ್ಷೆಯ ಪ್ರಶ್ನೆಗಳು, ಹೀಗೆ ಕಲಿಕೆಗೆ ಬಳಸುವ ಯಾವುದೇ ಸಾಮಗ್ರಿಯು ಒಂದೋ ಹಕ್ಕುಸ್ವಾಮ್ಯದ ಅವಧಿ ಮುಗಿದು ಸಾರ್ವಜನಿಕರ ಸ್ವತ್ತಾಗಿರಬೇಕು, ಇಲ್ಲವೇ ಹಕ್ಕುದಾರರೇ ಅದನ್ನು ಎಲ್ಲರೂ ಬಳಸಬಹುದೆಂದು ಬರಹದ ಮೂಲಕ ಅನುಮತಿ ಕೊಟ್ಟಿರಬೇಕು ಎಂಬುದು ಅದರ ಲಕ್ಷಣ. ಹೀಗೆ ಅನುಮತಿ ಕೊಡುವ ಬರಹಕ್ಕೆ ಮುಕ್ತ ಪರವಾನಗಿ ಎನ್ನುತ್ತಾರೆ. 2002ರ ಕೊನೆಯಲ್ಲಿ ಕ್ರಿಯೇಟಿವ್ ಕಾಮನ್ಸ್ ಎಂಬ ಸಂಸ್ಥೆ ರೂಪಿಸಿದ ಪರವಾನಗಿಗಳು ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅವುಗಳಲ್ಲಿ ಅತ್ಯಂತ ಉದಾರವಾದುದು ಮೂಲ ಲೇಖಕರ ಹೆಸರು ಹೇಳಿದರೆ ಸಾಕು, ಮಿಕ್ಕಂತೆ ಏನು ಬೇಕಾದರೂ ಮಾಡಿಕೊಳ್ಳಿ ಎನ್ನುತ್ತದೆ. ಉಳಿದವು ವ್ಯಾಪಾರಕ್ಕೆ ಬಳಸಬಾರದು, ತಿದ್ದಿದ್ದನ್ನೂ ಇದೇ ಷರತ್ತಿನಲ್ಲಿ ಹಂಚಬೇಕು ಎಂಬಂಥ ಕಟ್ಟುಗಳನ್ನು ಸೇರಿಸುತ್ತವೆ. ಅಮೆರಿಕದ ವಿದ್ವಾಂಸ ಡೇವಿಡ್ ವೈಲಿ ಮುಕ್ತತೆಯನ್ನು ಐದು ಅಧಿಕಾರಗಳಾಗಿ ಬಿಡಿಸಿದರು: ಪ್ರತಿಯನ್ನು ತನ್ನ ಬಳಿ ಇಟ್ಟುಕೊಳ್ಳುವುದು, ಬೇಕಾದೆಡೆ ಬಳಸುವುದು, ತಿದ್ದುವುದು, ಬೇರೊಂದರೊಡನೆ ಬೆರೆಸುವುದು, ಮತ್ತೆ ಹಂಚುವುದು. ಉಚಿತವಾಗಿ ಸಿಗುವ ಬಹುಪಾಲು ಸಾಮಗ್ರಿ ಈ ಐದರಲ್ಲಿ ಎರಡನೆಯದಕ್ಕೇ ನಿಂತುಬಿಡುತ್ತದೆ.

ವಿಜ್ಞಾನದ ವಿಷಯದಲ್ಲಿ ಇಂಥ ಸಾಮಗ್ರಿಗೆ ಇಂದು ಕೊರತೆಯಿಲ್ಲ. ಅಮೆರಿಕದ ಎಂಐಟಿ 2001ರಲ್ಲಿ ತನ್ನ ತರಗತಿಗಳ ಪಾಠಸಾಮಗ್ರಿಯನ್ನೆಲ್ಲ ಜಗತ್ತಿಗೆ ತೆರೆದಿಡುವುದಾಗಿ ಸಾರಿತು. ರೈಸ್ ವಿಶ್ವವಿದ್ಯಾಲಯದ ಓಪನ್‌ಸ್ಟ್ಯಾಕ್ಸ್ 2012ರಲ್ಲಿ ಕಾಲೇಜು ಮಟ್ಟದ ಭೌತಶಾಸ್ತ್ರದ ಪುಸ್ತಕದೊಂದಿಗೆ ಕೆಲಸ ಆರಂಭಿಸಿತು. ನೊಬೆಲ್ ಪ್ರಶಸ್ತಿ ಪಡೆದ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊದಲ್ಲಿ ಆರಂಭಿಸಿದ ಫೆಟ್ ಯೋಜನೆ ಪರದೆಯ ಮೇಲೆಯೇ ಪ್ರಯೋಗ ಮಾಡಿನೋಡುವ ಮಾದರಿಗಳನ್ನು ಕೊಡುತ್ತದೆ. ಐರ್ಲೆಂಡಿನಲ್ಲೂ ವಿದ್ಯಾರ್ಥಿಗಳಿರುವ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯವು 2006ರಿಂದ ಓಪನ್‌ಲರ್ನ್ ಹೆಸರಿನಲ್ಲಿ ತನ್ನ ಪಾಠಗಳನ್ನು ಹಂಚುತ್ತಿದೆ. ಐರ್ಲೆಂಡಿನ ಪಶ್ಚಿಮ ತೀರದ ಗಾಲ್ವೇ ನಗರದಿಂದ 2007ರಲ್ಲಿ ಹೊರಟ ಆಲಿಸನ್ ಎಂಬ ಸಂಸ್ಥೆಯೂ ಜಗತ್ತಿನ ಅಸಂಖ್ಯ ಜನರಿಗೆ ಉಚಿತವಾಗಿ ಪಾಠ ಮಾಡುತ್ತಿದೆ, ಪ್ರಮಾಣಪತ್ರ ಬೇಕೆನ್ನುವವರಿಂದ ಹಣ ಪಡೆಯುತ್ತದೆ. ಇದು ಉಪಯುಕ್ತವಾದ ಸೇವೆಯೇ ಸರಿ. ಆದರೆ ಓದಲು ಬಾಗಿಲು ತೆರೆದಿಡುವುದು ಒಂದು, ಓದಿದವನ ಕೈಗೆ ಲೇಖನಿಯನ್ನೂ ಕೊಡುವುದು ಇನ್ನೊಂದು.

ಪ್ರತಿ ಮಾಡುವ ಹಕ್ಕಿನ ಬಗ್ಗೆ ಐರ್ಲೆಂಡಿನ ನೆಲದಲ್ಲಿ ಬಹಳ ಹಳೆಯದೊಂದು ಐತಿಹ್ಯವಿದೆ. ಆರನೆಯ ಶತಮಾನದಲ್ಲಿ ಕೊಲಂಕಿಲ್ ಎಂಬ ಸಂತ ತನ್ನ ಗುರು ಫಿನಿಯನ್ನನ ಬಳಿಯಿದ್ದ ಕೀರ್ತನೆಗಳ ಹಸ್ತಪ್ರತಿಯನ್ನು ಗುಟ್ಟಾಗಿ ನಕಲು ಮಾಡಿಕೊಂಡನೆಂದೂ, ಹಸುವಿನ ಕರು ಹಸುವಿನ ಒಡೆಯನಿಗೇ ಸೇರುವಂತೆ ಪುಸ್ತಕದ ಪ್ರತಿಯೂ ಪುಸ್ತಕದ ಒಡೆಯನಿಗೇ ಸೇರಬೇಕೆಂದು ಅರಸ ಡೀರ್ಮಿಡ್ ತೀರ್ಪು ಕೊಟ್ಟನೆಂದೂ, ಅದರಿಂದ ಕೆರಳಿದ ಕುಲಗಳ ನಡುವೆ 561ರ ಸುಮಾರಿಗೆ ಯುದ್ಧವೇ ನಡೆಯಿತೆಂದೂ ಅದು ಹೇಳುತ್ತದೆ. ಆ ಪ್ರತಿಯೇ ಇದು ಎಂದು ಪರಂಪರೆ ನಂಬಿರುವ ಕಾಥಾಕ್ ಎಂಬ ಹಸ್ತಪ್ರತಿ ಡಬ್ಲಿನ್ನಿನ ರಾಯಲ್ ಐರಿಷ್ ಅಕಾಡೆಮಿಯಲ್ಲಿ ಇಂದಿಗೂ ಇದೆ. ಕಥೆ ಎಷ್ಟು ನಿಜವೋ ಚರಿತ್ರೆಗೆ ಬಿಟ್ಟ ವಿಚಾರ. ಆದರೆ ಕರು ಬೇರೆ ಕೊಟ್ಟಿಗೆಗೆ ಹೋದರೆ ಹಸು ಬಡವಾಗುತ್ತದೆ, ಪುಸ್ತಕದ ಪ್ರತಿ ಬೇರೆಯವರ ಮನೆಗೆ ಹೋದರೆ ಮೂಲ ಪುಸ್ತಕಕ್ಕೆ ಒಂದಕ್ಷರದ ನಷ್ಟವೂ ಇಲ್ಲ ಎಂಬುದನ್ನು ಅರಸನ ಹೋಲಿಕೆ ಗಮನಿಸಲಿಲ್ಲ. ಮುಕ್ತ ಪರವಾನಗಿಯ ಹಿಂದಿನ ವಿಚಾರವೆಲ್ಲ ಇಷ್ಟೇ.

ಇನ್ನು ವಿಜ್ಞಾನ ಸಾಕ್ಷರತೆ ಎಂಬ ಮಾತು. ಇದಕ್ಕೆ ವಿಜ್ಞಾನದ ಸಂಗತಿಗಳನ್ನು ಬಾಯಿಪಾಠ ಮಾಡಿರುವುದು ಎಂಬ ಅರ್ಥವಿಲ್ಲ. ಬೆಂಜಮಿನ್ ಶೆನ್ ಎಂಬ ವಿಜ್ಞಾನಿ 1975ರಲ್ಲಿ ಇದನ್ನು ಮೂರು ಬಗೆಯಾಗಿ ವಿಂಗಡಿಸಿದ್ದು ಈಗಲೂ ಉಪಯೋಗಕ್ಕೆ ಬರುತ್ತದೆ: ಆರೋಗ್ಯ, ಆಹಾರ, ವಸತಿಯಂಥ ದಿನನಿತ್ಯದ ಅಗತ್ಯಗಳನ್ನು ನಿಭಾಯಿಸಲು ಬೇಕಾದ ವ್ಯಾವಹಾರಿಕ ತಿಳಿವಳಿಕೆ, ವಿಜ್ಞಾನ ಬೆರೆತ ಸಾರ್ವಜನಿಕ ಪ್ರಶ್ನೆಗಳಲ್ಲಿ ಪ್ರಜೆಯಾಗಿ ತೀರ್ಮಾನಿಸಲು ಬೇಕಾದ ನಾಗರಿಕ ತಿಳಿವಳಿಕೆ, ವಿಜ್ಞಾನವನ್ನು ಮನುಷ್ಯನ ದೊಡ್ಡ ಸಾಧನೆಯೆಂದು ಕಂಡು ಸವಿಯುವ ಸಾಂಸ್ಕೃತಿಕ ತಿಳಿವಳಿಕೆ. ಐರ್ಲೆಂಡಿನ ಶಾಲಾ ಮಕ್ಕಳು ಈ ವಿಷಯದಲ್ಲಿ ಹಿಂದುಳಿದವರೇನಲ್ಲ. 2022ರ ಪೀಸಾ ಪರೀಕ್ಷೆಯಲ್ಲಿ, ಎಂದರೆ ಹದಿನೈದು ವರ್ಷದ ಮಕ್ಕಳ ಸಾಮರ್ಥ್ಯವನ್ನು ಹಲವು ದೇಶಗಳಲ್ಲಿ ಒಂದೇ ಅಳತೆಯಲ್ಲಿ ನೋಡುವ ಪರೀಕ್ಷೆಯಲ್ಲಿ, ಅವರು ವಿಜ್ಞಾನಕ್ಕೆ ಸರಾಸರಿ 504 ಅಂಕ ಪಡೆದರು; ಪರೀಕ್ಷೆ ನಡೆಸುವ ಒಇಸಿಡಿ ಕೂಟದ ದೇಶಗಳ ಸರಾಸರಿ 485. ತೊಂದರೆ ಶುರುವಾಗುವುದು ಆಮೇಲೆ. ಹದಿನೆಂಟರ ಆಸುಪಾಸಿನಲ್ಲಿ ಅಂತಿಮ ಪರೀಕ್ಷೆಯ ಅಂಕಗಳ ಆಧಾರದ ಮೇಲೆ ಅಲ್ಲಿನ ವಿದ್ಯಾರ್ಥಿ ನೇರವಾಗಿ ಒಂದು ನಿರ್ದಿಷ್ಟ ಪದವಿಗೆ ಸೇರುತ್ತಾನೆ. ವಾಣಿಜ್ಯಕ್ಕೋ ಇತಿಹಾಸಕ್ಕೋ ಕಾನೂನಿಗೋ ಹೋದವನಿಗೆ ತರಗತಿಯಲ್ಲಿ ವಿಜ್ಞಾನದ ಮುಖ ಮತ್ತೆ ಕಾಣುವ ಸಂಭವ ಕಡಿಮೆ. ಮುಂದೆ ನ್ಯಾಯಾಲಯದಲ್ಲಿ, ಪತ್ರಿಕಾಲಯದಲ್ಲಿ, ಸಂಸತ್ತಿನಲ್ಲಿ ಕುಳಿತು ವಿಜ್ಞಾನ ಬೆರೆತ ಪ್ರಶ್ನೆಗಳನ್ನು ತೂಗುವವರಲ್ಲಿ ಹೆಚ್ಚಿನವರು ಇವರೇ.

ಆ ಪ್ರಶ್ನೆಗಳು ಎಷ್ಟು ಹತ್ತಿರದವು ಎಂಬುದಕ್ಕೆ ಐರ್ಲೆಂಡಿನ ಈಚಿನ ಚರಿತ್ರೆಯೇ ಸಾಕ್ಷಿ. ಗರ್ಭಕೊರಳಿನ ಕ್ಯಾನ್ಸರನ್ನು ತಡೆಯುವ ಎಚ್‌ಪಿವಿ ಲಸಿಕೆಯನ್ನು ಅಲ್ಲಿ 2010ರಿಂದ ಶಾಲಾ ಬಾಲಕಿಯರಿಗೆ ಕೊಡಲಾಗುತ್ತಿದೆ. 2014–15ರ ಶಾಲಾ ವರ್ಷದಲ್ಲಿ ಸುಮಾರು ಶೇ 87ರಷ್ಟು ಬಾಲಕಿಯರು ಪಡೆದಿದ್ದ ಈ ಲಸಿಕೆ, ಅದನ್ನು ಪಡೆದ ನಂತರ ಕಾಣಿಸಿಕೊಂಡ ಕಾಯಿಲೆಗಳಿಗೆ ಅದೇ ಕಾರಣವೆಂದು ಹಬ್ಬಿದ ಭೀತಿಯಿಂದಾಗಿ ಎರಡೇ ವರ್ಷದಲ್ಲಿ ಸುಮಾರು ಶೇ 51ಕ್ಕೆ ಇಳಿಯಿತು. ಸ್ವತಃ ಆ ಕ್ಯಾನ್ಸರಿಗೆ ತುತ್ತಾಗಿದ್ದ ಕ್ಲೇರ್ ಪ್ರಾಂತದ ಲಾರಾ ಬ್ರೆನನ್ ಎಂಬ ಯುವತಿ ಊರೂರಿಗೆ, ಮಾಧ್ಯಮಗಳಿಗೆ ತನ್ನ ಕಥೆ ಹೇಳಿ ತಾಯಂದಿರ ಮನ ಒಲಿಸಿದಳು; ಲಸಿಕೆ ಪಡೆಯುವವರ ಸಂಖ್ಯೆ ಮತ್ತೆ ಏರಿತು, ಆದರೆ ಲಾರಾ 2019ರ ಮಾರ್ಚಿನಲ್ಲಿ 26ನೆಯ ವಯಸ್ಸಿನಲ್ಲಿ ತೀರಿಕೊಂಡಳು. ಎರಡು ಘಟನೆಗಳು ಒಂದರ ಹಿಂದೆ ಒಂದು ನಡೆದ ಮಾತ್ರಕ್ಕೆ ಮೊದಲನೆಯದು ಎರಡನೆಯದಕ್ಕೆ ಕಾರಣವಾಗಲಾರದು ಎಂಬ ಒಂದು ಸಣ್ಣ ತಿಳಿವಳಿಕೆ ಮನೆಮನೆಯಲ್ಲಿ ಗಟ್ಟಿಯಾಗಿದ್ದಿದ್ದರೆ ಒಬ್ಬ ರೋಗಿಷ್ಠ ಯುವತಿಯ ಮೇಲೆ ಅಷ್ಟು ದೊಡ್ಡ ಹೊಣೆ ಬೀಳುತ್ತಿರಲಿಲ್ಲ. ಕುಡಿಯುವ ನೀರಿಗೆ ಫ್ಲೋರೈಡ್ ಬೆರೆಸುವ ವಿಚಾರವೂ ಹೀಗೆಯೇ: 1960ರ ಕಾನೂನಿನಂತೆ 1964ರಲ್ಲಿ ಡಬ್ಲಿನ್ನಿನಲ್ಲಿ ಶುರುವಾದ ಈ ಕ್ರಮವನ್ನು ಗ್ಲಾಡಿಸ್ ರಯಾನ್ ಎಂಬ ಗೃಹಿಣಿ ಸುಪ್ರೀಂ ಕೋರ್ಟಿನವರೆಗೆ ಒಯ್ದು 1965ರಲ್ಲಿ ಸೋತರು, ವಾದ ಇಂದಿಗೂ ಮುಗಿದಿಲ್ಲ. ನಮ್ಮ ಕೋಲಾರ, ಪಾವಗಡಗಳಲ್ಲಿ ಕೊಳವೆಬಾವಿಯ ಫ್ಲೋರೈಡ್ ಹಲ್ಲು, ಮೂಳೆಗಳನ್ನು ಕೆಡಿಸುವುದನ್ನು ಕಂಡ ಕನ್ನಡ ಓದುಗರಿಗೆ, ಲೀಟರಿಗೆ 0.6ರಿಂದ 0.8 ಮಿಲಿಗ್ರಾಂ ಎಂಬ ಐರ್ಲೆಂಡಿನ ಈಗಿನ ಮಿತಿಯ ಅರ್ಥವನ್ನು ವಿವರಿಸಬೇಕಾಗಿಲ್ಲ. ಪ್ರಮಾಣವೇ ಮದ್ದನ್ನೂ ವಿಷವನ್ನೂ ನಿರ್ಧರಿಸುತ್ತದೆ.

ಮುಕ್ತ ಪಠ್ಯಕ್ಕೆ ಇಲ್ಲಿ ಯಾವ ಪಾತ್ರ ಎಂಬುದನ್ನು ರೇಡಾನ್ ಅನಿಲದ ಉದಾಹರಣೆಯಿಂದ ನೋಡಬಹುದು. ಬಂಡೆ, ಮಣ್ಣುಗಳಲ್ಲಿರುವ ಯುರೇನಿಯಂ ಕಾಲಕ್ರಮದಲ್ಲಿ ಕ್ಷಯಿಸುತ್ತ ಹೋಗುವಾಗ ಹುಟ್ಟುವ, ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ವಿಕಿರಣಶೀಲ ಅನಿಲವಿದು. ಚಳಿಗೆ ಬಾಗಿಲು ಕಿಟಕಿ ಮುಚ್ಚಿಕೊಂಡ ಮನೆಗಳ ನೆಲದ ಬಿರುಕುಗಳಿಂದ ಮೇಲೆದ್ದು ಒಳಗೇ ಶೇಖರವಾಗುತ್ತದೆ. ಐರ್ಲೆಂಡಿನಲ್ಲಿ ವರ್ಷಕ್ಕೆ ಸುಮಾರು 350 ಶ್ವಾಸಕೋಶದ ಕ್ಯಾನ್ಸರ್ ಪ್ರಕರಣಗಳಿಗೆ ರೇಡಾನ್ ನಂಟು ಇದೆಯೆಂದು ಅಲ್ಲಿನ ಪರಿಸರ ಸಂರಕ್ಷಣಾ ಸಂಸ್ಥೆ ಅಂದಾಜಿಸಿದೆ. ಯಾವ ಊರಿನಲ್ಲಿ ಎಷ್ಟು ಅಪಾಯ ಎಂಬುದನ್ನು ತೋರಿಸುವ ಅದರ ನಕ್ಷೆ ಎಲ್ಲರಿಗೂ ತೆರೆದಿದೆ. ಅಮೆರಿಕದಲ್ಲಿ ಬರೆದ ಮುಕ್ತ ಭೌತಶಾಸ್ತ್ರ ಪುಸ್ತಕದಲ್ಲಿ ವಿಕಿರಣಶೀಲತೆಯ ಅಧ್ಯಾಯ ಚೆನ್ನಾಗಿಯೇ ಇರುತ್ತದೆ, ಆದರೆ ಅದರ ಉದಾಹರಣೆಗಳು ಅಲ್ಲಿನವು. ಪುಸ್ತಕ ಮುಕ್ತವಾಗಿರುವುದರಿಂದ ಐರ್ಲೆಂಡಿನ ಸ್ಲೈಗೋ ಪಟ್ಟಣದ ಅಧ್ಯಾಪಕಿಯೊಬ್ಬಳು ಆ ಉದಾಹರಣೆಗಳನ್ನು ಕಿತ್ತು ತನ್ನ ಊರಿನ ನಕ್ಷೆಯನ್ನು ಅಲ್ಲಿ ಕೂರಿಸಬಹುದು. ಮನೆಗಳಿಗೆ ಐರ್ಲೆಂಡಿನಲ್ಲಿ ಗೊತ್ತುಮಾಡಿರುವ ಮಿತಿ ಘನಮೀಟರಿಗೆ 200 ಬೆಕೆರೆಲ್. ಎಂದರೆ ಒಂದು ಘನಮೀಟರ್ ಗಾಳಿಯಲ್ಲಿ ಪ್ರತಿ ಸೆಕೆಂಡಿಗೆ 200 ಪರಮಾಣು ಬೀಜಗಳು ಒಡೆಯುತ್ತಿವೆ ಎಂದರ್ಥ. ಹೀಗೆ ಹೇಳಿದಾಗ ಏಕಮಾನಕ್ಕೆ ಜೀವ ಬರುತ್ತದೆ. ರೇಡಾನಿನ ಅರ್ಧಾಯು, ಎಂದರೆ ಇದ್ದುದರಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 3.8 ದಿನ ಎಂದಮೇಲೆ ಕಿಟಕಿ ತೆರೆದಿಟ್ಟರೆ ಏನಾಗುತ್ತದೆ, ನೆಲದಡಿಯಿಂದ ಹೊಸದು ಬರುತ್ತಲೇ ಇದ್ದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿಸಬಹುದು. ನಕ್ಷೆಯಲ್ಲಿ ತನ್ನ ಬೀದಿ ಐದರಲ್ಲೊಂದು ಮನೆಗೆ ಅಪಾಯವಿರುವ ವಲಯದಲ್ಲಿದೆ ಎಂದು ಕಂಡ ವಿದ್ಯಾರ್ಥಿಗೆ, ಅಕ್ಕಪಕ್ಕದ ಎರಡು ಮನೆಗಳಲ್ಲೂ ಪ್ರಮಾಣ ಬೇರೆ ಬೇರೆಯಿರಬಹುದು, ಅಳೆದು ನೋಡದೆ ತಿಳಿಯದು ಎಂಬುದು ಸಂಭವನೀಯತೆಯ ಪಾಠವಾಗಿ ಮನಸ್ಸಿಗೆ ಇಳಿಯುತ್ತದೆ. ವಾಣಿಜ್ಯದ ವಿದ್ಯಾರ್ಥಿಗೂ ಈ ಪಾಠ ಭಾರವಾಗದು, ಏಕೆಂದರೆ ಅದು ಅವನ ತಾಯಿ ತಂದೆ ಮಲಗುವ ಕೋಣೆಯ ಪಾಠ.

ಆದರೂ ತಿದ್ದಿದ ಪಠ್ಯವನ್ನು ಓದಿಸುವುದು ಅರ್ಧ ದಾರಿ ಮಾತ್ರ. ವಿದ್ಯಾರ್ಥಿಗಳೇ ಮುಕ್ತ ಸಾಮಗ್ರಿಯನ್ನು ಕಟ್ಟಲು ಕೈಹಾಕಿದಾಗ ಏನಾಗುತ್ತದೆ ಎಂಬುದಕ್ಕೆ ಡಬ್ಲಿನ್ನಿನ ಪಶ್ಚಿಮಕ್ಕಿರುವ ಮೇನೂತ್ ವಿಶ್ವವಿದ್ಯಾಲಯದಲ್ಲಿ ನಡೆದ ಕೆಲಸ ಈ ಬರಹದ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದುದು.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಐರ್ಲೆಂಡಿನ ಉದ್ದಗಲಕ್ಕೂ ಪಾದ್ರಿಗಳು, ಜಮೀನುದಾರರು, ದೊಡ್ಡ ಮನೆಗಳ ತೋಟದವರು, ಇನ್ನೂ ಎಷ್ಟೋ ಹವ್ಯಾಸಿಗಳು ದಿನಕ್ಕೊಮ್ಮೆ ಬೆಳಿಗ್ಗೆ ಮಳೆಮಾಪಕದ ನೀರನ್ನು ಅಳೆದು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಲಂಡನ್ನಿನ ಜಾರ್ಜ್ ಸೈಮನ್ಸ್ 1860ರ ಸುಮಾರಿಗೆ ಕಟ್ಟಿದ ಮಳೆ ದಾಖಲೆಯ ಸಂಘಟನೆ ಈ ಹವ್ಯಾಸಕ್ಕೆ ಒಂದು ಶಿಸ್ತನ್ನು ತಂದಿತು. ಕಾಲಾನಂತರ ಈ ಕಾಗದಗಳೆಲ್ಲ ಐರ್ಲೆಂಡಿನ ಹವಾಮಾನ ಇಲಾಖೆಯಾದ ಮೆಟ್ ಏರನ್‌ನ ದಾಖಲೆಕೋಣೆ ಸೇರಿದವು. ಕಂಪ್ಯೂಟರಿಗೆ ಏರಿದ್ದ ದಿನವಹಿ ಅಂಕಿಗಳು ಬಹುಮಟ್ಟಿಗೆ 1940ರಿಂದ ಈಚಿನವು; ಅದಕ್ಕೂ ಹಿಂದಿನವು ಶಾಯಿಯಲ್ಲೇ ಉಳಿದಿದ್ದವು. ಹವಾಮಾನ ಬದಲಾಗುತ್ತಿದೆಯೇ, ಅತಿವೃಷ್ಟಿಯ ದಿನಗಳು ಹೆಚ್ಚುತ್ತಿವೆಯೇ ಎಂದು ಕೇಳುವವರಿಗೆ ಎಂಬತ್ತು ವರ್ಷದ ದಾಖಲೆಗಿಂತ ನೂರೈವತ್ತು ವರ್ಷದ ದಾಖಲೆ ಎಷ್ಟೋ ಮಿಗಿಲು. ಆದರೆ ಅಷ್ಟು ಪುಟಗಳನ್ನು ಕಂಪ್ಯೂಟರಿಗೆ ಏರಿಸುವವರು ಯಾರು?

ಮೇನೂತಿನ ಸಂಶೋಧಕರಾದ ಕೀರಾ ರಯಾನ್, ಕಾನರ್ ಮರ್ಫಿ, ಪೀಟರ್ ಥಾರ್ನ್ ಮತ್ತು ಅವರ ಜೊತೆಗಾರರು ಮೆಟ್ ಏರನ್ ಜೊತೆ ಸೇರಿ ಇದನ್ನು ಭೂಗೋಳಶಾಸ್ತ್ರದ ಪದವಿ ತರಗತಿಯ ಕೆಲಸವಾಗಿ ಮಾಡಿದರು. ನೂರಕ್ಕೂ ಹೆಚ್ಚು ವಿದ್ಯಾರ್ಥಿಗಳು 1860ರಿಂದ 1939ರವರೆಗಿನ ದಾಖಲೆಗಳ ಚಿತ್ರಗಳನ್ನು ನೋಡುತ್ತ ಅಂಕಿಗಳನ್ನು ಕೋಷ್ಟಕಕ್ಕೆ ಇಳಿಸಿದರು. ಒಂದು ಕೇಂದ್ರದ ಒಂದು ವರ್ಷದ ದಾಖಲೆಯನ್ನು ಕೇಂದ್ರ–ವರ್ಷ ಎಂದು ಎಣಿಸಿದರೆ, ಹೀಗೆ ನಮೂದಾದದ್ದು 1300ಕ್ಕೂ ಹೆಚ್ಚು ಕೇಂದ್ರ–ವರ್ಷ, ಎಂದರೆ ನಾಲ್ಕೂಮುಕ್ಕಾಲು ಲಕ್ಷದಷ್ಟು ದಿನಗಳ ಮಳೆ. ಈ ಪ್ರಯೋಗದ ವಿವರ 2018ರಲ್ಲಿ ಅಮೆರಿಕದ ಹವಾಮಾನ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. ಮುಂದೆ ಕೆಲಸ ಬೆಳೆದು 3600ಕ್ಕೂ ಹೆಚ್ಚು ಕೇಂದ್ರ–ವರ್ಷಗಳ, 13 ಲಕ್ಷಕ್ಕೂ ಮೀರಿದ ದಿನವಹಿ ಅಂಕಿಗಳು ಸಾರ್ವಜನಿಕರಿಗೆ ದೊರೆತವು.

ಅಂಕಿಯನ್ನು ನೋಡಿ ಬರೆಯುವುದು ಗುಮಾಸ್ತಿಕೆಯಲ್ಲವೇ, ಅದರಲ್ಲಿ ವಿಜ್ಞಾನವೆಲ್ಲಿದೆ ಎಂದು ಕೇಳಬಹುದು. ಆ ಪುಟಗಳ ಮುಂದೆ ಕುಳಿತವರಿಗೆ ಉತ್ತರ ಬೇಗ ಸಿಗುತ್ತದೆ. ಹಳೆಯ ಅಳತೆಗಳು ಇಂಚಿನಲ್ಲಿವೆ, ಈಗಿನವು ಮಿಲಿಮೀಟರಿನಲ್ಲಿ. ಒಂದು ಇಂಚು 25.4 ಮಿಲಿಮೀಟರ್ ಎಂಬ ಸರಳ ಗುಣಾಕಾರದಲ್ಲಿ ದಶಮಾಂಶದ ಚುಕ್ಕೆ ಒಂದು ಮನೆ ಜಾರಿದರೆ ತುಂತುರು ಪ್ರಳಯವಾಗುತ್ತದೆ. ಬೆಳಿಗ್ಗೆ ಒಂಬತ್ತಕ್ಕೆ ಅಳೆದ ನೀರು ಹಿಂದಿನ ದಿನದ ಮಳೆಯೆಂದು ಲೆಕ್ಕಕ್ಕೆ ಹೋಗಬೇಕು. ಬರೆಯುವವನು ಅದನ್ನು ಮರೆತು ಅಳೆದ ದಿನಕ್ಕೇ ಹಾಕಿದರೆ ಇಡೀ ವರ್ಷ ಒಂದು ದಿನ ಸರಿದುಹೋಗುತ್ತದೆ. ಖಾಲಿ ಬಿಟ್ಟ ಮನೆಗೆ ಮಳೆ ಬರಲಿಲ್ಲ ಎಂದು ಅರ್ಥವೋ, ಅಂದು ಯಾರೂ ಅಳೆಯಲಿಲ್ಲ ಎಂದು ಅರ್ಥವೋ? ಭಾನುವಾರಗಳಲ್ಲಿ ಮಳೆಯೇ ಇಲ್ಲದೆ ಸೋಮವಾರಗಳಲ್ಲಿ ಎರಡು ಪಟ್ಟು ಸುರಿಯುವ ಊರಿದ್ದರೆ, ಅದು ಆಕಾಶದ ಗುಣವೋ ಅಳೆಯುವವನ ರಜೆಯೋ? ಒಂದೇ ಪುಟವನ್ನು ಇಬ್ಬರು ಬೇರೆ ಬೇರೆಯಾಗಿ ನಮೂದಿಸಿ ಹೋಲಿಸಿ ನೋಡುವುದು ಇಂಥ ಕೆಲಸದಲ್ಲಿ ರೂಢಿಯ ಕ್ರಮ. ಹಾಗೆ ಹೋಲಿಸಿದಾಗ ತನ್ನ ಕಣ್ಣೂ ತಪ್ಪು ಮಾಡುತ್ತದೆಂದು ವಿದ್ಯಾರ್ಥಿಗೆ ಗೊತ್ತಾಗುತ್ತದೆ. ಅಚ್ಚಾದ ಪಠ್ಯಪುಸ್ತಕದ ನಕ್ಷೆಯಲ್ಲಿ ಒಂದು ನೀಲಿ ಚುಕ್ಕೆಯಾಗಿ ಕಾಣುವ ಸಂಖ್ಯೆಯ ಹಿಂದೆ ಒಬ್ಬ ಮನುಷ್ಯ, ಒಂದು ಉಪಕರಣ, ಒಂದು ಬೆಳಗು ಇದೆ ಎಂಬುದನ್ನು ಅರಿಯುವುದೇ ವಿಜ್ಞಾನ ಸಾಕ್ಷರತೆಯ ತಿರುಳು. ಅದನ್ನು ಉಪನ್ಯಾಸದಲ್ಲಿ ಹೇಳಿ ಕಲಿಸಲು ಬಹಳ ಕಷ್ಟ.

ಇದೇ ವಿಶ್ವವಿದ್ಯಾಲಯದ ಇನ್ನೊಂದು ತರಗತಿ ಇನ್ನೂ ಮುಂದೆ ಹೋಯಿತು. ಐರ್ಲೆಂಡಿನಲ್ಲಿ ದಾಖಲಾದ ಅತಿ ಹೆಚ್ಚಿನ ಉಷ್ಣತೆ 33.3 ಡಿಗ್ರಿ ಸೆಲ್ಸಿಯಸ್, ಅದು 1887ರ ಜೂನ್ 26ರಂದು ಕಿಲ್ಕೆನಿ ಕೋಟೆಯಲ್ಲಿ ಅಳೆದದ್ದು ಎಂದು ಬಹುಕಾಲದಿಂದ ಎಲ್ಲರೂ ಬರೆಯುತ್ತ ಬಂದಿದ್ದರು. 2022ರ ಜುಲೈ 18ರಂದು ಡಬ್ಲಿನ್ನಿನ ಫೀನಿಕ್ಸ್ ಪಾರ್ಕಿನಲ್ಲಿ ಉಷ್ಣತೆ 33ರ ಹತ್ತಿರ ಮುಟ್ಟಿದಾಗಲೂ ಅದು ದೇಶದ ದಾಖಲೆಯಾಗದೆ ಉಳಿದದ್ದು ಆ ಹಳೆಯ ಅಂಕಿಯ ಕಾರಣದಿಂದಲೇ. ಮೇನೂತಿನಲ್ಲಿ ಹವಾಮಾನ ಬದಲಾವಣೆಯ ಸ್ನಾತಕೋತ್ತರ ಪದವಿಗೆ ಓದುತ್ತಿದ್ದ ವಿದ್ಯಾರ್ಥಿಗಳು ತಮ್ಮ ಅಧ್ಯಾಪಕರೊಂದಿಗೆ ಈ ಅಂಕಿಯನ್ನು ಮರುಪರಿಶೀಲನೆಗೆ ಎತ್ತಿಕೊಂಡರು. ಅದೇ ದಿನಗಳಲ್ಲಿ ಇತರ ಕೇಂದ್ರಗಳು ಏನು ಹೇಳುತ್ತವೆ, ಆ ಕಾಲದ ವಾತಾವರಣವನ್ನು ಕಂಪ್ಯೂಟರಿನಲ್ಲಿ ಮರಳಿ ಕಟ್ಟುವ ಮರುವಿಶ್ಲೇಷಣೆ ಏನು ಹೇಳುತ್ತದೆ ಎಂದು ಹೋಲಿಸಿ, ಕಿಲ್ಕೆನಿಯ ಸಂಖ್ಯೆ ನಂಬತಕ್ಕದ್ದಲ್ಲ ಎಂಬ ನಿರ್ಣಯಕ್ಕೆ ಬಂದರು. ಇಪ್ಪತ್ತನೆಯ ಶತಮಾನದ ಮಟ್ಟಿಗೆ 1976ರ ಜೂನ್ 29ರಂದು ಬೂರಾ ಎಂಬಲ್ಲಿ ದಾಖಲಾದ 32.5 ಡಿಗ್ರಿಯೇ ಗಟ್ಟಿ ಆಧಾರವುಳ್ಳದ್ದು. ಈ ಮರುಪರಿಶೀಲನೆಯ ಪ್ರಬಂಧ 2023ರಲ್ಲಿ ಯಾರು ಬೇಕಾದರೂ ಹಣ ಕೊಡದೆ ಓದಬಹುದಾದ ಮುಕ್ತ ಸಂಶೋಧನಾ ಪತ್ರಿಕೆಯೊಂದರಲ್ಲಿ ವಿದ್ಯಾರ್ಥಿಗಳ ಹೆಸರುಗಳನ್ನೇ ಮೊದಲು ಹೊತ್ತು ಪ್ರಕಟವಾಯಿತು. ಒಂದು ದೇಶ ನೂರಕ್ಕೂ ಹೆಚ್ಚು ವರ್ಷ ನಂಬಿದ ಸಂಖ್ಯೆಯನ್ನು ಸಾಕ್ಷ್ಯಾಧಾರದಿಂದ ಪ್ರಶ್ನಿಸುವ ಧೈರ್ಯ ತರಗತಿಯೊಳಗಿಂದ ಬಂದದ್ದು ಸಾಮಾನ್ಯ ಸಂಗತಿಯಲ್ಲ. ಹಳೆಯ ದಾಖಲೆಗಳು ಬೀಗದೊಳಗೆ ಇದ್ದಿದ್ದರೆ, ಅಥವಾ ನೋಡಲು ಮಾತ್ರ ಸಿಕ್ಕಿ ಬೆರೆಸಿ ಹೋಲಿಸಲು ಅನುಮತಿ ಇಲ್ಲದಿದ್ದರೆ, ಇದು ಸಾಧ್ಯವೇ ಆಗುತ್ತಿರಲಿಲ್ಲ. ಮೆಟ್ ಏರನ್ ತನ್ನ ಅಂಕಿಗಳನ್ನು ಮೂಲದ ಹೆಸರು ಹೇಳಿ ಹೇಗೆ ಬೇಕಾದರೂ ಬಳಸಬಹುದೆಂಬ ಪರವಾನಗಿಯಲ್ಲಿ ಕೊಡುತ್ತಿರುವುದರ ಬೆಲೆ ಇಲ್ಲಿ ತಿಳಿಯುತ್ತದೆ.

ಮುಕ್ತ ಸಾಮಗ್ರಿಯ ಹಾದಿ ಐರ್ಲೆಂಡಿನಲ್ಲಿ ಸುಗಮವಾಗಿಯೇನೂ ಸಾಗಿಲ್ಲ. ವಿಶ್ವವಿದ್ಯಾಲಯಗಳು ತಮ್ಮ ಪಾಠಸಾಮಗ್ರಿಯನ್ನು ಪರಸ್ಪರ ಹಂಚಿಕೊಳ್ಳಲೆಂದು ಸರ್ಕಾರದ ಹಣದಿಂದ ಕಟ್ಟಿದ ರಾಷ್ಟ್ರೀಯ ಡಿಜಿಟಲ್ ಕಲಿಕಾ ಭಂಡಾರವು ದೇಶದ ಆರ್ಥಿಕ ಬಿಕ್ಕಟ್ಟಿನ ವರ್ಷಗಳ ನಂತರ ಅನುದಾನ ನಿಂತು ಮುಚ್ಚಿಹೋಯಿತು. ಆಮೇಲೆ ಉನ್ನತ ಶಿಕ್ಷಣದ ಬೋಧನೆಯನ್ನು ಸುಧಾರಿಸಲು ಸ್ಥಾಪನೆಯಾದ ರಾಷ್ಟ್ರೀಯ ವೇದಿಕೆಯು, ತಾನು ಹಣ ಕೊಟ್ಟು ಮಾಡಿಸಿದ ಕೆಲಸಗಳೆಲ್ಲ ಮುಕ್ತ ಪರವಾನಗಿಯಲ್ಲೇ ಹೊರಬರಬೇಕೆಂಬ ನಿಯಮ ತಂದು ಹೊಸ ಭಂಡಾರವನ್ನು ತೆರೆಯಿತು. ಐರ್ಲೆಂಡಿನ ಒಂದು ವಿಶ್ವವಿದ್ಯಾಲಯದ ಅಧ್ಯಾಪಕರನ್ನು ಮಾತನಾಡಿಸಿ ಕ್ಯಾಥರೀನ್ ಕ್ರೋನಿನ್ 2017ರಲ್ಲಿ ಪ್ರಕಟಿಸಿದ ಅಧ್ಯಯನವು, ಮುಕ್ತವಾಗಿ ಕಲಿಸುವ ನಿರ್ಧಾರ ಒಮ್ಮೆ ಮಾಡಿ ಮುಗಿಯುವಂಥದ್ದಲ್ಲ, ಯಾರಿಗೆ ಎಷ್ಟು ತೆರೆದಿಡಬೇಕು ಎಂಬುದನ್ನು ಅಧ್ಯಾಪಕರು ದಿನದಿನವೂ ಹೊಸದಾಗಿ ತೂಗುತ್ತಿರುತ್ತಾರೆ ಎಂದು ತೋರಿಸಿತು. ಯುನೆಸ್ಕೊ ತನ್ನ ಮುಕ್ತ ಸಂಪನ್ಮೂಲಗಳ ಶಿಫಾರಸನ್ನು ಅಂಗೀಕರಿಸಿದ 2019ರ ವರ್ಷವೇ ಗಾಲ್ವೇಯಲ್ಲಿ, ಮತ್ತೆ 2024ರಲ್ಲಿ ಕಾರ್ಕ್ ನಗರದಲ್ಲಿ, ಈ ವಿಷಯದ ಅಂತರರಾಷ್ಟ್ರೀಯ ಸಮ್ಮೇಳನಗಳು ನಡೆದವು. ಸಮ್ಮೇಳನಗಳಿಗಿಂತ ದೊಡ್ಡ ತೊಡಕು ಅಧ್ಯಾಪಕರ ಸಮಯದ್ದು. ಪಠ್ಯವನ್ನು ತಿದ್ದಿ ಊರಿಗೆ ಹೊಂದಿಸುವುದಕ್ಕೆ ತಿಂಗಳುಗಳು ಬೇಕು. ಬಡ್ತಿಯ ಲೆಕ್ಕದಲ್ಲಿ ಅದಕ್ಕೆ ಸಂಶೋಧನಾ ಪ್ರಬಂಧಕ್ಕಿರುವ ತೂಕ ಸಿಗುವುದಿಲ್ಲ. ಹಣ ನಿಂತರೆ ಮುಚ್ಚುವ ಭಂಡಾರವೂ ಮನ್ನಣೆ ಸಿಗದ ದುಡಿಮೆಯೂ ಸೇರಿದರೆ ಒಳ್ಳೆಯ ವಿಚಾರಗಳು ಹೆಚ್ಚು ಕಾಲ ಬಾಳುವುದಿಲ್ಲ, ಈ ತಪ್ಪನ್ನು ಸರಿಪಡಿಸುವ ಹೊಣೆ ಸರ್ಕಾರಗಳದು.

ಕನ್ನಡಕ್ಕೆ ಈ ವಿಚಾರ ದೂರದ್ದಲ್ಲ. ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶಯ್ಯಂಗಾರ್ ಸೇರಿ 1918ರಲ್ಲಿ ಹೊರತಂದ ‘ವಿಜ್ಞಾನ’ ಮಾಸಪತ್ರಿಕೆಯಿಂದ ಕನ್ನಡದ ವಿಜ್ಞಾನ ಬರವಣಿಗೆಗೆ ಶತಮಾನ ಮೀರಿದ ಪರಂಪರೆಯಿದೆ. ಆದರೆ ಕೋಟ ಶಿವರಾಮ ಕಾರಂತರು ಏಕಾಂಗಿಯಾಗಿ ದುಡಿದು ಕೊಟ್ಟ ‘ವಿಜ್ಞಾನ ಪ್ರಪಂಚ’ದ ಸಂಪುಟಗಳನ್ನೇ ತೆಗೆದುಕೊಂಡರೆ, ಲೇಖಕರು ತೀರಿಕೊಂಡ 60 ವರ್ಷದವರೆಗೆ ಹಕ್ಕುಸ್ವಾಮ್ಯ ಉಳಿಯುವ ಭಾರತದ ಕಾನೂನಿನಂತೆ ಅವುಗಳ ಒಂದು ಪುಟವನ್ನು ಇಂದಿನ ವಿಜ್ಞಾನಕ್ಕೆ ಹೊಂದುವಂತೆ ತಿದ್ದಿ ಮುಕ್ತವಾಗಿ ಹಂಚಬೇಕಾದರೆ 2057 ಮುಗಿಯುವವರೆಗೆ ಕಾಯಬೇಕು, ಇಲ್ಲವೇ ಹಕ್ಕುದಾರರು ಒಪ್ಪಬೇಕು. ಪ್ರೌಢಶಾಲಾ ಶಿಕ್ಷಕರನ್ನು ಸೇರಿಸಿಕೊಂಡು 2013ರಲ್ಲಿ ಆರಂಭವಾದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಯೋಜನೆಯು ಶಾಲೆಯ ಮಟ್ಟದಲ್ಲಿ ಹಾಕಿಕೊಟ್ಟ ದಾರಿ ಪದವಿ ಕಾಲೇಜುಗಳವರೆಗೂ ಬರಬೇಕಾಗಿದೆ. ಸರ್ಕಾರದ ಹಣದಲ್ಲಿ ಬರೆಸುವ ಪ್ರತಿಯೊಂದು ಕನ್ನಡ ವಿಜ್ಞಾನ ಪುಸ್ತಕಕ್ಕೂ ಮುಕ್ತ ಪರವಾನಗಿ ಕಡ್ಡಾಯವಾದರೆ ಖಜಾನೆಗೆ ಹೊಸ ಹೊರೆಯೇನೂ ಬೀಳುವುದಿಲ್ಲ.

ಮಳೆಯ ದಾಖಲೆಯೂ ಇಲ್ಲಿದೆ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಪ್ರತಿದಿನ ಬೆಳಿಗ್ಗೆ ಮಳೆ ಅಳೆದು ಇಂಚು ಮತ್ತು ಅದರ ನೂರನೆಯ ಭಾಗವಾದ ಸೆಂಟುಗಳಲ್ಲಿ ಬರೆದಿಡುವ ವಾಡಿಕೆಯಿದೆ. ಕಾಫಿಯ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಅದರ ಬೆನ್ನಿಗೆ ಬರುವ ಹಿಮ್ಮಳೆ ಎಷ್ಟು ಸುರಿಯಿತು ಎಂಬುದರ ಮೇಲೆ ಆ ವರ್ಷದ ಬೆಳೆ ನಿಂತಿರುವುದರಿಂದ ಬೆಳೆಗಾರರು ಈ ಲೆಕ್ಕವನ್ನು ತಪ್ಪಿಸುವುದಿಲ್ಲ. ಅಜ್ಜನ ಕಾಲದ ಆ ಪುಸ್ತಕಗಳು ಅಟ್ಟದ ಮೇಲಿನ ಪೆಟ್ಟಿಗೆಗಳಲ್ಲಿ ಗೆದ್ದಲು, ಬೂಸಲುಗಳ ನಡುವೆ ಇವೆ. ಮಡಿಕೇರಿಯ, ಮೂಡಿಗೆರೆಯ, ಸಕಲೇಶಪುರದ ಪದವಿ ಕಾಲೇಜುಗಳ ಭೂಗೋಳ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರದ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಈ ವರ್ಷದ ಪ್ರಾಜೆಕ್ಟಿನ ವಿಷಯ ಕೊಡುವ ಮುನ್ನ ಹತ್ತಿರದ ಒಂದು ತೋಟದ ಮನೆಗೆ ಹೋಗಿ, ಒಡೆಯರ ಒಪ್ಪಿಗೆ ಪಡೆದು, ಒಂದೇ ಒಂದು ವರ್ಷದ ಮಳೆ ಪುಸ್ತಕದ ಪುಟಗಳ ಚಿತ್ರ ತೆಗೆದುಕೊಂಡು ಬರಲಿ. ಇಬ್ಬರು ವಿದ್ಯಾರ್ಥಿಗಳು ಬೇರೆ ಬೇರೆಯಾಗಿ ಕುಳಿತು ಅದನ್ನು ನಮೂದಿಸಲಿ, ಹೋಲಿಸಲಿ, ಮುಕ್ತ ಪರವಾನಗಿಯ ಒಂದು ಸಾಲು ಸೇರಿಸಿ ಎಲ್ಲರಿಗೂ ತೆರೆದಿಡಲಿ.